ಮಗ್ಗಿ ಒಪ್ಪಿಸುವ ಮಗುವಿಗೆ ಮಗ್ಗಿ ಬರುತ್ತದೆಯೇ?

ಪ್ರಾಥಮಿಕ ತರಗತಿಗಳಿಗೆ ಗಣಿತ ಕಲಿಸತೊಡಗಿದ ಮೊದಲ ವರ್ಷಗಳಲ್ಲಿ ನಾನು ಮಕ್ಕಳ ದಿನಚರಿಯಲ್ಲಿ ಒಂದೇ ವಾಕ್ಯವನ್ನು ಬರೆದು ಕಳುಹಿಸುತ್ತಿದ್ದೆ: "ಏಳರ ಮಗ್ಗಿಯನ್ನು ಹತ್ತು ಸಲ ಬರೆಸಿ, ಬಾಯಿಪಾಠ ಮಾಡಿಸಿ." ಪೋಷಕರು ಅದನ್ನು ಶ್ರದ್ಧೆಯಿಂದಲೇ ಮಾಡಿಸುತ್ತಿದ್ದರು. ಮರುದಿನ ಮಗು ಕೈಕಟ್ಟಿ ನಿಂತು ಏಳೊಂದ್ಲ ಏಳರಿಂದ ಏಳ್ಹತ್ಲ ಎಪ್ಪತ್ತರವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸುತ್ತಿತ್ತು. ನಾನು ಸರಿ ಗುರುತು ಹಾಕಿ ಮುಂದಿನ ಮಗುವನ್ನು ಕರೆಯುತ್ತಿದ್ದೆ. ಭಾಗಾಕಾರದ ಪಾಠ ಬಂದಾಗ ನನ್ನ ಲೆಕ್ಕಾಚಾರ ತಲೆಕೆಳಗಾಯಿತು. 56ನ್ನು 7ರಿಂದ ಭಾಗಿಸಲು ಹೇಳಿದರೆ ಅದೇ ಮಕ್ಕಳು ಮೇಜಿನ ಕೆಳಗೆ ಬೆರಳು ಮಡಚುತ್ತಾ ಏಳೊಂದ್ಲದಿಂದ ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು. ನಡುವೆ ಯಾರಾದರೂ ಕೆಮ್ಮಿದರೆ ಮತ್ತೆ ಮೊದಲಿನಿಂದ!

ಬಾಯಿಪಾಠ ವ್ಯರ್ಥವೆಂದು ನಾನು ಹೇಳುವುದಿಲ್ಲ. ಲಯವಿದ್ದುದರಿಂದಲೇ ಮಗ್ಗಿ ನಾಲಿಗೆಯ ಮೇಲೆ ನಿಲ್ಲುತ್ತದೆ. ಆದರೆ ಸಾಲಾಗಿ ಒಪ್ಪಿಸುವಾಗ ಪ್ರತಿ ಉತ್ತರಕ್ಕೂ ಅದರ ಹಿಂದಿನ ಉತ್ತರವೇ ಊರುಗೋಲಾಗಿರುತ್ತದೆ, ಆ ಊರುಗೋಲನ್ನು ತೆಗೆದು "ಏಳೆಂಟ್ಲ ಎಷ್ಟು?" ಎಂದು ನೇರವಾಗಿ ಕೇಳಿದಾಗಲಷ್ಟೇ ಮಗುವಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂಬುದು ತಿಳಿಯುತ್ತದೆ.

ಆ ಬಳಿಕ ಕೆಲವು ತಿಂಗಳು ಮಕ್ಕಳ ತಪ್ಪು ಉತ್ತರಗಳನ್ನಷ್ಟೇ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ನನ್ನ ವೃತ್ತಿಯಲ್ಲಿ ಅದಕ್ಕಿಂತ ಹೆಚ್ಚು ಕಲಿಸಿದ ಪುಸ್ತಕ ಬೇರೊಂದಿಲ್ಲ. 6 × 8ಕ್ಕೆ 42 ಅಥವಾ 54 ಎನ್ನುವ ಮಗು ಬಾಯಿಗೆ ಬಂದದ್ದನ್ನು ಹೇಳುತ್ತಿಲ್ಲ. ಆರರ ಮಗ್ಗಿಯಲ್ಲಿ ಪಕ್ಕದ ಮನೆಯ ಬಾಗಿಲು ತಟ್ಟಿದೆ, ಅಷ್ಟೆ. 7 × 8ಕ್ಕೆ 54 ಎನ್ನುವ ಮಗು ಅದನ್ನು 6 × 9ರೊಂದಿಗೆ ಬೆರೆಸಿಕೊಂಡಿದೆ. ಒಂದರಿಂದ ಐದರವರೆಗಿನ ಮಗ್ಗಿಗಳಲ್ಲಿ ಇಂತಹ ಗೊಂದಲ ಬಹಳ ಕಡಿಮೆಯಿತ್ತು, ಆದರೂ ಮನೆಯ ಅಭ್ಯಾಸದ ಹೆಚ್ಚಿನ ಸಮಯ ಅಲ್ಲಿಯೇ ಕಳೆಯುತ್ತಿತ್ತು, ಏಕೆಂದರೆ ಎಲ್ಲರೂ ಎರಡರ ಮಗ್ಗಿಯಿಂದಲೇ ಆರಂಭಿಸುತ್ತಿದ್ದರು.

ಈಗ ಪೋಷಕರ ಸಭೆಯಲ್ಲಿ ಒಂದು ಚೌಕವನ್ನು ಬರೆದು ತೋರಿಸುತ್ತೇನೆ. ಹತ್ತರವರೆಗಿನ ಮಗ್ಗಿಯಲ್ಲಿ 100 ಗುಣಲಬ್ಧಗಳಿವೆ. 3 × 7 ಮತ್ತು 7 × 3 ಒಂದೇ ಎಂದು ಮಗುವಿಗೆ ಮನವರಿಕೆಯಾದರೆ ಉಳಿಯುವುದು 55. ಸುಲಭವಾಗಿ ಬರುವ 1, 2, 5, 10ರ ಮಗ್ಗಿಗಳನ್ನು ತೆಗೆದರೆ 21. ಒಂಬತ್ತರ ಮಗ್ಗಿಯನ್ನು ಹತ್ತರದ್ದರಿಂದ ಕಳೆದು ಪಡೆಯಬಹುದು: ಎಪ್ಪತ್ತರಲ್ಲಿ ಏಳು ಕಳೆದರೆ 63. ಅದನ್ನೂ ಬಿಟ್ಟರೆ ನಿಜವಾಗಿ ಶ್ರಮ ಬೇಡುವುದು 15 ಮಾತ್ರ. ಇವುಗಳಲ್ಲಿಯೂ ಹಲವನ್ನು ಗೊತ್ತಿರುವುದರಿಂದಲೇ ಕಟ್ಟಿಕೊಳ್ಳಬಹುದು. ಏಳೆಂಟ್ಲ ಮರೆತುಹೋದ ಮಗು ಏಳನ್ನು ಮೂರು ಸಲ ಇಮ್ಮಡಿಸಲಿ: 14, 28, 56. ಆರೇಳ್ಲ ಬೇಕಾದರೆ ಐದೇಳ್ಲ 35ಕ್ಕೆ ಇನ್ನೊಂದು ಏಳನ್ನು ಕೂಡಿಸಲಿ. ಮೊದಮೊದಲು ಇದು ನಿಧಾನವೆನಿಸುತ್ತದೆ, ಆದರೆ ಹೀಗೆ ಹಲವು ಸಲ ದಾರಿ ನಡೆದ ಮಗುವಿಗೆ ಕೊನೆಗೆ ದಾರಿಯೇ ಬೇಕಾಗುವುದಿಲ್ಲ.

ಸಮಯದ ವಿಚಾರದಲ್ಲಿ ನಾನೂ ಒಮ್ಮೆ ಎಡವಿದ್ದೇನೆ. ಒಂದು ನಿಮಿಷದಲ್ಲಿ ಇಪ್ಪತ್ತು ಪ್ರಶ್ನೆ ಎಂಬ ಸ್ಪರ್ಧೆಯನ್ನು ತರಗತಿಯಲ್ಲಿ ನಡೆಸಿದಾಗ, ಹಿಂದಿನ ದಿನ ನನ್ನ ಬಳಿ ಎಲ್ಲವನ್ನೂ ಸರಿಯಾಗಿ ಹೇಳಿದ್ದ ಹುಡುಗಿಯೊಬ್ಬಳು ಖಾಲಿ ಹಾಳೆಯನ್ನು ಕೊಟ್ಟಳು. ಗಡಿಯಾರ ಅವಳ ನೆನಪನ್ನು ಹರಿತಗೊಳಿಸಲಿಲ್ಲ, ಕಟ್ಟಿಹಾಕಿತು. ಮನೆಯಲ್ಲಿ ಕೇಳುವವರು ಪ್ರಶ್ನೆಯ ನಂತರ ಮನಸ್ಸಿನಲ್ಲಿ ಐದರವರೆಗೆ ಎಣಿಸುವಷ್ಟು ಹೊತ್ತು ಸುಮ್ಮನಿರಬೇಕು ಎಂದು ನಾನು ಈಗ ಒತ್ತಿ ಹೇಳುವುದು ಅದಕ್ಕಾಗಿಯೇ. ಪೋಷಕರಿಗೆ ಅತ್ಯಂತ ಕಷ್ಟವಾಗುವ ಸಲಹೆಯೂ ಇದೇ. ಉತ್ತರ ನಮ್ಮ ತುದಿನಾಲಿಗೆಯ ಮೇಲೆಯೇ ಕುಳಿತಿರುತ್ತದೆ.

ಭಾನುವಾರ ಒಂದು ಗಂಟೆ ಕೂರಿಸುವುದಕ್ಕಿಂತ ದಿನಕ್ಕೆ ಐದು ನಿಮಿಷ ಮೇಲು. ಬಿಡುವು ಕೊಟ್ಟು ಮಾಡಿದ ಅಭ್ಯಾಸ ಹೆಚ್ಚು ಕಾಲ ಉಳಿಯುತ್ತದೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿಯೇ ಪ್ರಕಟಿಸಿದ್ದ. ನಾನು ಅದನ್ನು ಒಪ್ಪಿಕೊಂಡದ್ದು ಮಾತ್ರ ಸೋಮವಾರದ ಬೆಳಿಗ್ಗೆಗಳನ್ನು ನೋಡಿದ ಮೇಲೆ.

ದಿನಚರಿಯಲ್ಲಿ ಈಗ ಹತ್ತು ಸಲ ಬರೆಸಿ ಎಂದು ಬರೆಯುವುದಿಲ್ಲ. ಅದರ ಬದಲು ರಟ್ಟಿನಲ್ಲಿ ಕತ್ತರಿಸಿದ ಮೂರು ತ್ರಿಕೋನಗಳನ್ನು ಕಳುಹಿಸುತ್ತೇನೆ. ಒಂದರ ಮೂಲೆಗಳಲ್ಲಿ 7, 8, 56 ಎಂದಿರುತ್ತದೆ. ಇಂದು 56ನ್ನು ಬೆರಳಿನಿಂದ ಮುಚ್ಚಿ ಕೇಳಿದರೆ ಗುಣಾಕಾರ, ನಾಳೆ 8ನ್ನು ಮುಚ್ಚಿ ಕೇಳಿದರೆ ಭಾಗಾಕಾರ. ಮಗು ತಡವರಿಸಿದ ತ್ರಿಕೋನ ಮರುದಿನದ ಕಟ್ಟಿನಲ್ಲಿ ಮತ್ತೆ ಬರುತ್ತದೆ. ಸಲೀಸಾಗಿ ಹೇಳಿದ್ದು ಒಂದು ವಾರ ಪೆಟ್ಟಿಗೆಯಲ್ಲಿರುತ್ತದೆ.