ಮಂಜು ಬಂತು ಅಂತ ಎಂಡ್ ಒತ್ತಬೇಡಿ

ಚಳಿಗಾಲದಲ್ಲಿ ಇಂಗ್ಲೆಂಡಿನ ಪೆನ್ನೈನ್ ಬೆಟ್ಟಗಳ ಮೇಲೆ ಬರ್ಡ್ ಸರ್ವೆ ಅಂದರೆ ಸಂಬಳ ತಗೊಂಡು ಖಾಲಿ ಬಯಲು ನೋಡುವ ಕೆಲಸ. ಗೋಲ್ಡನ್ ಪ್ಲೋವರ್, ಕರ್ಲ್ಯೂ ಎಲ್ಲ ಕೆಳಗಿನ ಹೊಲಗಳಿಗೋ ಕಡಲತೀರಕ್ಕೋ ಇಳಿದಿರುತ್ತವೆ. ಉಳಿಯುವುದು ರೆಡ್ ಗ್ರೌಸ್. ಹೆದರ್ ಪೊದೆಯಿಂದ ಎದ್ದು 'ಗೋ ಬ್ಯಾಕ್, ಗೋ ಬ್ಯಾಕ್' ಅಂತ ಕೂಗುತ್ತದೆ. ವೀಸಾ ಮೇಲೆ ಬಂದವನಿಗೆ ಅದು ಸ್ವಲ್ಪ ಜಾಸ್ತಿಯೇ ತಾಗುತ್ತದೆ.

ಡಿಸೆಂಬರ್‌ನ ವಿಪಿ (ವಾಂಟೇಜ್ ಪಾಯಿಂಟ್) ವಾಚ್: ವಿಂಡ್ ಟರ್ಬೈನ್ ಹಾಕಬೇಕೆಂದಿರುವ ಜಾಗದ ಮೇಲೆ ಯಾವ ಹಕ್ಕಿ ಹಾರುತ್ತದೆ ಅಂತ ಒಂದೇ ಕಡೆ ಕೂತು ನೋಡುವುದು. ಮೂರು ಗಂಟೆ ಕಾಲ, ಎದುರಿನ 180 ಡಿಗ್ರಿ, 2 ಕಿ.ಮೀ. ದೂರದವರೆಗೆ. ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುವುದರಿಂದ ಕೊನೆಯ ಗಂಟೆ ಕತ್ತಲಿಗೆ ತಾಗಿಕೊಂಡೇ ಇರುತ್ತದೆ. ಟಾರ್ಗೆಟ್ ಸ್ಪೀಶೀಸ್ (ನಾವು ಕಾಯುವ ಹೆನ್ ಹ್ಯಾರಿಯರ್‌ನಂಥ ಬೇಟೆ ಹಕ್ಕಿ) ರಾತ್ರಿ ತಂಗಲು ರೂಸ್ಟ್‌ಗೆ ಬರುವುದೇ ಆಗ. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಹ್ಯಾರಿಯರ್ ನೋಡಿ ಕಲಿತವನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ರಿಸರ್ವಾಯರ್ ಕಡೆಯಿಂದ ಮಂಜು ಏರಿತು. ಡ್ಯಾಮ್ ಗೋಡೆ ಹೋಯಿತು, ಆಮೇಲೆ ಬೇಲಿ ಹೋಯಿತು. ವಿಸಿಬಿಲಿಟಿ ಇಲ್ಲದಿದ್ದರೆ ವಾಚ್ ನಿಲ್ಲಿಸಬೇಕು, ಅದು ರೂಲ್. ನಿಲ್ಲಿಸುವುದಕ್ಕೆ ನಮ್ಮ ಆ್ಯಪ್‌ನಲ್ಲಿ ಪಾಝ್ ಇದೆ, ಎಂಡ್ ಇದೆ. ಇವತ್ತಿಗೆ ಇಷ್ಟೇ ಅಂದುಕೊಂಡು ಎಂಡ್ ಒತ್ತಿದೆ. ಸ್ಕೋಪ್ ಬಿಚ್ಚಿ ಬ್ಯಾಗಿಗೆ ಹಾಕಿದೆ. ಫ್ಲಾಸ್ಕಿನಲ್ಲಿ ಉಳಿದಿದ್ದ ಚಹಾ ಕುಡಿದೆ.

ಚಹಾ ಮುಗಿಯುವುದರೊಳಗೆ ಗಾಳಿ ತಿರುಗಿತು. ಮಂಜು ಸೀಳಿಕೊಂಡು ಎದುರಿನ ಇಳಿಜಾರು ಪೂರ್ತಿ ಕಾಣಿಸಿತು. ಅದರ ಮೇಲೆ ಬೂದು ಬಣ್ಣದ ಗಂಡು ಹೆನ್ ಹ್ಯಾರಿಯರ್. ರೆಕ್ಕೆ ತುದಿಗೆ ಮಸಿ ಬಳಿದಷ್ಟು ಕಪ್ಪು. ಹೆದರ್‌ಗೆ ತಾಗುವಷ್ಟು ಕೆಳಗೆ ಹಾರುತ್ತಾ, ಒಂದು ಕಡೆ ವಾಲುತ್ತಾ, ಟರ್ಬೈನ್ ಹಾಕಬೇಕೆಂದಿರುವ ಜಾಗದ ನಟ್ಟನಡುವೆ ಬರುತ್ತಿದೆ.

ಎಂಡ್ ಆದ ಸೆಷನ್ ಮತ್ತೆ ತೆರೆಯುವುದಿಲ್ಲ. ಹೊಸದು ಶುರು ಮಾಡಬೇಕೆಂದರೆ ಗಾಳಿ, ಮೋಡ, ಮಳೆ, ಫ್ರಾಸ್ಟ್ ಎಲ್ಲ ತುಂಬಬೇಕು. ಗ್ಲೌಸ್ ಬಾಯಲ್ಲಿ ಕಚ್ಚಿಕೊಂಡು ಒತ್ತಿದೆ. ಬೆರಳು ಮರಗಟ್ಟಿದೆ. ಸ್ಕ್ರೀನ್ ಮೇಲೆ ಬಿದ್ದ ನೀರಹನಿಗಳೇ ತಮಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಿವೆ. ಮೋಡದ ಕಾಲಮ್ಮಿನಲ್ಲಿ 'ಕ್ಲಿಯರ್' ಅಂತ ಬಿತ್ತು. ಹಿಂದೆ ಹೋದೆ, ಫಾರ್ಮ್ ಪೂರ್ತಿ ಖಾಲಿ. ಹಕ್ಕಿ ಒಮ್ಮೆ ಕೂತು ಎದ್ದಿತು. ಇನ್ನೂ ಟೈಮ್ ಇದೆ ಅಂದುಕೊಂಡೆ. ಪ್ರತಿ 15 ಸೆಕೆಂಡಿಗೆ ಅದು ಹಾರುವ ಎತ್ತರ ಬರೆಯಬೇಕಾದವನು ಡ್ರಾಪ್‌ಡೌನ್ ಉರುಳಿಸುತ್ತಾ ಕೂತಿದ್ದೆ. ತಲೆ ಎತ್ತುವಾಗ ಅದು ದಿಣ್ಣೆ ದಾಟಿತ್ತು.

ನೋಟ್‌ಬುಕ್ಕಿನಲ್ಲಿ ಪೆನ್ಸಿಲ್‌ನಿಂದ ಫ್ಲೈಟ್‌ಲೈನ್ (ಹಕ್ಕಿ ಹಾರಿದ ದಾರಿ) ಗೀಚಿದೆ, ಟೈಮ್ ಸಮೇತ. ಸೆಷನ್ನಿನ ಎಂಡ್ ಟೈಮ್ ಬದಲಾಯಿಸಿ ಅಂತ ಆಫೀಸಿಗೆ ಒಂದು ಮೇಲ್ ಹಾಕಿದರೆ ಆಗುತ್ತಿತ್ತೋ ಏನೋ. ಆಸೆ ಆಗಿದ್ದು ನಿಜ. ಹಾಕಲಿಲ್ಲ.

ಮರುದಿನ ಟೀಮ್ ಲೀಡ್ ಕೇಳಿದ್ದು ಒಂದೇ ಮಾತು: "ಕ್ಲಾಕ್ ಓಡ್ತಾ ಇತ್ತಾ?" ಇಲ್ಲ ಅಂದೆ. "ಹಾಗಾದ್ರೆ ಇನ್ಸಿಡೆಂಟಲ್." ಅಂದರೆ ವಾಚ್ ಹೊರಗೆ ಅಕಸ್ಮಾತ್ ಕಂಡದ್ದು. ಹಕ್ಕಿ ಟರ್ಬೈನಿಗೆ ಬಡಿಯುವ ಸಾಧ್ಯತೆಯ (ಕೊಲಿಶನ್ ರಿಸ್ಕ್) ಲೆಕ್ಕಕ್ಕೆ ಇನ್ಸಿಡೆಂಟಲ್ ಹೋಗುವುದಿಲ್ಲ. ಆ ತಿಂಗಳ ಟೇಬಲ್ಲಿನಲ್ಲಿ ಹೆನ್ ಹ್ಯಾರಿಯರ್ ಎದುರು ಸೊನ್ನೆ. ನನ್ನ ಹಕ್ಕಿ ಅಪೆಂಡಿಕ್ಸಿನಲ್ಲಿ ಒಂದು ಸಾಲು.

ಈಗ ನಾನು ಕತ್ತಲಾಗುವವರೆಗೂ ಪಾಝ್‌ನಲ್ಲೇ ಕೂರುತ್ತೇನೆ, ಸ್ಕೋಪ್ ಟ್ರೈಪಾಡ್ ಮೇಲೇ ಇರುತ್ತದೆ. ಎಂಡ್ ಒತ್ತಿದರೆ 'ಖಚಿತವೇ?' ಅಂತ ಒಂದು ಸಲ ಕೇಳುವ ಹಾಗೆ ಆ್ಯಪ್ ಸರಿಮಾಡಿ ಅಂತ ಬರೆದಿದ್ದೆ. ಅದರ ಬದಲು ಎಲ್ಲರಿಗೂ ಟಚ್‌ಸ್ಕ್ರೀನ್ ಗ್ಲೌಸ್ ಕಳಿಸಿದ್ದಾರೆ. ಒದ್ದೆಯಾದರೆ ಅವೂ ಕೆಲಸ ಮಾಡುವುದಿಲ್ಲ.