ಸ್ಕೇಲು, ಎಳನೀರು ಮತ್ತು ಮಗಳ ಗುದ್ದು

ನಲವತ್ಮೂರನೇ ವಯಸ್ಸಿಗೆ ಬಿಳಿ ಬೆಲ್ಟ್ ಕಟ್ಟಿಕೊಂಡವನು ನಾನು. ಮಗಳನ್ನು ಕರಾಟೆ ಕ್ಲಾಸಿಗೆ ಬಿಟ್ಟು, ಹೊರಗೆ ಸ್ಕೂಟರ್ ಮೇಲೆ ಕೂತು ಮೊಬೈಲ್ ನೋಡಿ ನೋಡಿ ಬೇಜಾರಾಗಿತ್ತು. ಒಂದಿನ "ನಾನೂ ಸೇರ್ಕೊಳ್ಲಾ ಮಾಸ್ಟ್ರೇ?" ಅಂದುಬಿಟ್ಟೆ. ಈಗ ವಾರಕ್ಕೆ ಮೂರು ದಿನ ಎಂಟನೇ ಕ್ಲಾಸಿನ ಹುಡುಗಿಯ ಕೈಯಲ್ಲಿ ಏಟು ತಿನ್ನುತ್ತಿದ್ದೇನೆ.

ಅವಳ ಗ್ಯಾಕು-ಜುಕಿ, ಅಂದರೆ ಹಿಂದಿನ ಕೈಯಿಂದ ಹಾಕುವ ಗುದ್ದು, ನನಗೆ ಗೊತ್ತಾಗುವುದೇ ಎದೆಗೆ ತಾಕಿದ ಮೇಲೆ. ವಯಸ್ಸಾಯ್ತು ಬಿಡು ಅಂದುಕೊಂಡಿದ್ದೆ. ಒಂದು ರಾತ್ರಿ ಊಟ ಆದ ಮೇಲೆ ಅವಳ ಸ್ಕೇಲ್ ತಗೊಂಡು ಪರೀಕ್ಷೆಗೆ ಕೂತೆವು. ಒಬ್ಬರು ಹೇಳದೆ ಕೇಳದೆ ಸ್ಕೇಲ್ ಬಿಡಬೇಕು, ಇನ್ನೊಬ್ಬರು ಕೆಳಗೆ ಎರಡು ಬೆರಳಲ್ಲಿ ಹಿಡಿಯಬೇಕು. ನನಗೆ 22 ಸೆಂಟಿಮೀಟರ್ ಜಾರಿತು. ಸ್ಕೇಲ್ ಅಷ್ಟು ಬೀಳಲು ಎಷ್ಟು ಹೊತ್ತು ಅಂತ ಲೆಕ್ಕ ಹಾಕಿದರೆ 0.21 ಸೆಕೆಂಡ್. ಅವಳಿಗೆ 20 ಸೆಂಟಿಮೀಟರ್, ಅಂದರೆ 0.20. ಇಷ್ಟೇನಾ!

ಇನ್ನು ಗುದ್ದಿನ ಲೆಕ್ಕ. ಕೈ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಬಂತು ಅಂತ ಇಟ್ಟುಕೊಳ್ಳಿ. 60 ಸೆಂಟಿಮೀಟರ್ ದಾಟಲು 0.1 ಸೆಕೆಂಡ್ ಸಾಕು. ಕಣ್ಣಿಗೆ ಬಿದ್ದದ್ದು ಬೆರಳು ತಲುಪಲು ಅದರ ಎರಡರಷ್ಟು ಬೇಕು. ಅದೂ ಸ್ಕೇಲ್ ಹಿಡಿಯುವ ಒಂದೇ ಕೆಲಸ ಇದ್ದಾಗ. ಗುದ್ದೋ ಒದೆಯೋ, ಎಡವೋ ಬಲವೋ ಅಂತ ಆರಿಸಬೇಕಾದರೆ ಇನ್ನೂ ತಡ. ನೋಡಿಕೊಂಡು ತಡೆಯಲು ಅವಳಿಗೂ ಆಗಲ್ಲ. ಆದರೂ ನನ್ನ ಗುದ್ದು ತಡೆಯುತ್ತಾಳಲ್ಲ, ಹೇಗೆ?

"ಅಪ್ಪಾ, ನೀನು ಹೊಡೆಯೋಕೆ ಮುಂಚೆನೇ ಭುಜ ಮೇಲೆ ಹೋಗುತ್ತೆ. ಹಲ್ಲು ಬೇರೆ ಕಚ್ತೀಯ."

ಅವಳು ನನ್ನ ಕೈ ನೋಡುತ್ತಲೇ ಇರಲಿಲ್ಲ!

ಬಟವಾಡಿ ಕಡೆ ನಾನು ದಿನಾ ಎಳನೀರು ಕುಡಿಯುವ ಗಾಡಿ ಇದೆ. ಮಚ್ಚು ಎತ್ತುವಾಗ ಗಾಡಿಯವರ ಮಣಿಕಟ್ಟು ಸಡಿಲ, ಭುಜ ಇಳಿದಿರುತ್ತೆ. ಸೊಂಟ ಚೂರು ತಿರುಗುತ್ತೆ, ಆಮೇಲೆ ತೋಳು, ಕೊನೆಗೆ ಮಣಿಕಟ್ಟು. ಕಾಯಿಗೆ ತಾಕುವ ಹೊತ್ತಿಗೆ ಮಾತ್ರ ಹಿಡಿ ಬಿಗಿಯಾಗುತ್ತೆ. ಮೂರೇಟಿಗೆ ಬಾಯಿ ತೆರೆಯುತ್ತೆ. ಮಾಸ್ಟ್ರು ತಿಂಗಳಿಂದ ಬಡ್ಕೊಳ್ಳುತ್ತಿದ್ದುದೂ ಇದನ್ನೇ. ಹಿಮ್ಮಡಿಯ ಒತ್ತು ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ, ಆಮೇಲೆ ಮೊಣಕೈ, ಕಡೆಗೆ ಮುಷ್ಟಿ. ನಾನು ಮಾಡುತ್ತಿದ್ದದ್ದೇನು? ಶುರುವಿನಲ್ಲೇ ಇಡೀ ತೋಳು ಬಿಗಿ. ತೋಳಿನ ಹಿಂದಿನ ಸ್ನಾಯು ಕೈ ಚಾಚಬೇಕು, ಮುಂದಿನದು ಬಿಡಬೇಕು. ಎರಡನ್ನೂ ಬಿಗಿದರೆ ಬ್ರೇಕ್ ಒತ್ತಿಕೊಂಡೇ ಸ್ಕೂಟರ್‌ಗೆ ರೇಸ್ ಕೊಟ್ಟ ಹಾಗೆ.

ಕರಾಟೆ ಹೊಡೆತದ ಭೌತಶಾಸ್ತ್ರದ ಬಗ್ಗೆ 1979ರಲ್ಲಿ ಸೈಂಟಿಫಿಕ್ ಅಮೆರಿಕನ್‌ನಲ್ಲಿ ಬರೆದ ಮೂವರಲ್ಲಿ ಒಬ್ಬರು ರೊನಾಲ್ಡ್ ಮೆಕ್‌ನೇರ್. ಸ್ವತಃ ಬ್ಲ್ಯಾಕ್ ಬೆಲ್ಟ್. 1986ರಲ್ಲಿ ಚಾಲೆಂಜರ್ ನೌಕೆಯಲ್ಲಿ ತೀರಿಹೋದ ಗಗನಯಾತ್ರಿ ಅವರೇ. ಆ ಮೂವರು ಬರೆದ ಪ್ರಕಾರ ಮುಷ್ಟಿಯ ವೇಗ ಅತಿ ಜಾಸ್ತಿ ಇರುವುದು ಕೈ ಪೂರ್ತಿ ಚಾಚಿದಾಗ ಅಲ್ಲ, ಸುಮಾರು ಮುಕ್ಕಾಲು ಭಾಗ ಚಾಚಿದಾಗ. ನಾನೋ, ಎಟುಕಿಸಿಕೊಂಡು ತುದಿಯಲ್ಲಿ ಹೊಡೆಯುತ್ತಿದ್ದೆ, ವೇಗ ಸತ್ತ ಮೇಲೆ. ಈಗ ಅರ್ಧ ಹೆಜ್ಜೆ ಹತ್ತಿರ ಹೋಗುತ್ತೇನೆ. ಹತ್ತಿರ ಹೋದರೆ ಏಟೂ ಜಾಸ್ತಿ ಬೀಳುತ್ತೆ, ಅದು ಬೇರೆ ಮಾತು.

ಕಳೆದ ಭಾನುವಾರ ಮಹಡಿ ಮೇಲೆ ಮೊಬೈಲ್ ನಿಲ್ಲಿಸಿ, ಸ್ಲೋ ಮೋಷನ್‌ನಲ್ಲಿ ವಿಡಿಯೋ ಮಾಡಿದೆವು. ಭುಜ ಅಲ್ಲಾಡಲಿಲ್ಲ, ಹಲ್ಲು ಕಚ್ಚಲಿಲ್ಲ. ಆದರೂ ತಡೆದಳು.

"ಈ ಸಲ ಏನೇ ಕಾಣಿಸ್ತು?"

"ಹೊಡೆಯೋಕೆ ಮುಂಚೆ ಉಸಿರು ಎಳ್ಕೊಂಡೆ ಅಪ್ಪಾ."