ಪೌಂಡಿನ ಗುರುತು

ನವೆಂಬರ್ 18, 2025, ಮಂಗಳವಾರ, ರಾತ್ರಿ 11

ಪೀಪಿ ಸದ್ದು ಇನ್ನೂ ನಿಂತಿಲ್ಲ. ನಿನ್ನೆ ಕಾರ್ತಿಕದ ಕಡೇ ಸೋಮವಾರ, ಬಸವನಗುಡಿಯ ಕಡಲೇಕಾಯಿ ಪರಿಷೆ, ಇವತ್ತೂ ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡೋಕೆ ಜಾಗ ಇರಲಿಲ್ಲವಂತೆ. ಅಂತೆ, ಯಾಕೆಂದರೆ ನಾನು ಹೋಗಲಿಲ್ಲ. ಪರಿಷೆ ಮನೆಯಿಂದ ಹತ್ತು ನಿಮಿಷದ ದಾರಿ, ಆದರೂ ಈ ಸಲ ನನ್ನ ಪಾಲಿಗೆ ಬಂದದ್ದು ಇವಳು ತಂದ ಎರಡು ಸೇರು ಕಡಲೇಕಾಯಿ ಮಾತ್ರ. ಹೊಸ ಲ್ಯಾಪ್‌ಟಾಪಿನ ಕೀಗಳ ಸಂದಿಗೆ ಆಗಲೇ ಸಿಪ್ಪೆ ಸೇರಿಕೊಂಡಿದೆ.

ಹಳೇ ಡಬ್ಬ ಹೋದ ವಾರ ಕಣ್ಣು ಮುಚ್ಚಿತು. ಹದಿಮೂರು ವರ್ಷ ದುಡಿಯಿತು ಪಾಪ. ವಿಂಡೋಸ್ 7. ಮೈಕ್ರೋಸಾಫ್ಟ್‌ನವರು ಅದನ್ನು 2020ರ ಜನವರಿಯಲ್ಲೇ ಕೈಬಿಟ್ಟಿದ್ದರು, ನಾನು ಬಿಟ್ಟಿರಲಿಲ್ಲ. ಎಸ್.ಪಿ. ರೋಡಿನ ಅಂಗಡಿಯವನು ಬಿಚ್ಚಿ ನೋಡಿ, "ಬೋರ್ಡ್ ಹೋಗಿದೆ ಸಾರ್, ಹಾರ್ಡ್ ಡಿಸ್ಕ್ ಚೆನ್ನಾಗಿದೆ" ಅಂದ. ಆ ಮಾತು ಕೇಳಿ ದಾರಿಯಲ್ಲಿ ಒಂದು ಕಾಫಿ ಕುಡಿದೇ ಬಂದೆ. ಡಿಸ್ಕಿಗೆ ಸಿಕ್ಕಿಸೋ ಸಾಟಾ ಕೇಬಲ್ಲೂ ಅಲ್ಲೇ ಸಿಕ್ಕಿತು.

ಭಾನುವಾರ ನಾನೇ ಕೂತು ಡಾಕ್ಯುಮೆಂಟ್ಸ್ ಫೋಲ್ಡರನ್ನು ಪೂರ್ತಿ ಹೊಸದಕ್ಕೆ ಹಾಕಿಕೊಂಡೆ. ಕರಡುಗಳೆಲ್ಲ ಬಂದವು. ಆಮೇಲೆ ನಾನು ಮೇಲ್ ನೋಡೋ ಥಂಡರ್‌ಬರ್ಡ್ ತೆರೆದರೆ ಖಾಲಿ. "ಸ್ವಾಗತ, ನಿಮ್ಮ ಹೆಸರೇನು" ಅನ್ನುತ್ತೆ. ಇಷ್ಟು ವರ್ಷ ಜೊತೆಗಿದ್ದು ನನ್ನ ಹೆಸರು ಕೇಳುತ್ತಲ್ಲ ಇದು! ಅಕ್ಕನ ಮಗನಿಗೆ ಫೋನ್ ಮಾಡಿದೆ. ಪರಿಷೆ ನೆಪದಲ್ಲಿ ಇವತ್ತು ಸಂಜೆ ಬಂದ.

"ಮಾವ, ಮೇಲು ಡಾಕ್ಯುಮೆಂಟ್ಸಲ್ಲಿ ಇರಲ್ಲ. ಆಪ್‌ಡೇಟಾ ಅಂತ ಒಂದು ಫೋಲ್ಡರ್ ಇರುತ್ತೆ, ಅದು ಕಣ್ಣಿಗೆ ಬೀಳದ ಹಾಗೆ ಬಚ್ಚಿಟ್ಟಿರ್ತಾರೆ."

"ಯಾಕೆ ಬಚ್ಚಿಡಬೇಕು? ನನ್ನ ಕಾಗದ ಅಲ್ವಾ?"

"ನಿಮ್ಮಂಥೋರು ಡಿಲೀಟ್ ಮಾಡಿಬಿಡ್ತಾರೆ ಅಂತಾನೇ."

ವ್ಯೂಗೆ ಹೋಗಿ ಹಿಡನ್ ಐಟಮ್ಸ್‌ಗೆ ಟಿಕ್ ಹಾಕಿದ. ಆಪ್‌ಡೇಟಾ ಕಾಣಿಸಿತು. ಅದರೊಳಗೆ ರೋಮಿಂಗ್, ಅದರೊಳಗೆ ಥಂಡರ್‌ಬರ್ಡ್, ಅದರೊಳಗೆ ಪ್ರೊಫೈಲ್ಸ್, ಅದರೊಳಗೆ ಬಾಯಿಗೆ ಬರದ ಎಂಟಕ್ಷರದ ಹೆಸರಿನ ಒಂದು ಫೋಲ್ಡರ್. ಏಳು ಸುತ್ತಿನ ಕೋಟೆ. ಅದರ ಒಳಗೆಲ್ಲೋ ಇನ್‌ಬಾಕ್ಸ್ ಅನ್ನೋ ಒಂದೇ ಒಂದು ಫೈಲು, ಹೆಸರಿನ ಕೊನೆಗೆ ಡಾಟ್ ಡಾಕ್ ಥರದ ಬಾಲ ಇಲ್ಲದ್ದು. ಇಷ್ಟು ವರ್ಷ ಬಂದ ಅಷ್ಟೂ ಕಾಗದ ಅದೊಂದರಲ್ಲೇ ಸಾಲಾಗಿ ಹೊಲಿದಿಟ್ಟ ಹಾಗೆ. ನಂದು ಪಾಪ್ ಅಕೌಂಟು. ಕಾಗದ ಇಳಿಸಿಕೊಂಡ ಮೇಲೆ ಸರ್ವರಿನಲ್ಲಿ ಉಳಿಸೋ ಆಯ್ಕೆಯನ್ನು ಯಾವತ್ತೋ ತೆಗೆದುಹಾಕಿದ್ದೆ, ಜಾಗ ತುಂಬುತ್ತೆ ಅಂತ. ಅಂದರೆ ಪ್ರಪಂಚದಲ್ಲಿ ಇದ್ದದ್ದು ಇದೊಂದೇ ಪ್ರತಿ. ಇದು ಗೊತ್ತಾದ ಮೇಲೆ ಡಿಸ್ಕಿನ ಪಕ್ಕದಲ್ಲಿದ್ದ ನೀರಿನ ಲೋಟವನ್ನು ಎತ್ತಿ ಕಿಟಕಿ ಮೇಲಿಟ್ಟೆ.

ಥಂಡರ್‌ಬರ್ಡ್ ಮುಚ್ಚಿ, ಆ ಫೋಲ್ಡರಿನಲ್ಲಿದ್ದದ್ದನ್ನೆಲ್ಲ ಹೊಸ ಪ್ರೊಫೈಲಿಗೆ ಸುರಿದ. ಮುಚ್ಚದೆ ಮಾಡಬಾರದಂತೆ. ಮತ್ತೆ ತೆರೆದಾಗ ಎಲ್ಲ ಬಂದಿತ್ತು. ವಿಳಾಸದ ಪುಸ್ತಕಗಳು ಎರಡು. ಪರ್ಸನಲ್ ಅನ್ನೋದರಲ್ಲಿ 63 ಜನ. ಕಲೆಕ್ಟೆಡ್ ಅನ್ನೋದರಲ್ಲಿ 1,140.

"ನೀವು ಸೇರಿಸಿರೋದು ಬರೀ 63 ಮಾವ. ಉಳಿದೋರು ನೀವು ಮೇಲ್ ಕಳಿಸಿದಾಗ ತಾವಾಗೇ ಸೇರಿಕೊಂಡೋರು. ತೆಗೆದುಬಿಡ್ಲಾ? ಕ್ಲೀನಾಗಿರುತ್ತೆ."

ತಡಿ ಅಂದೆ. ಹೊಸ ಕಾಗದ ತೆರೆದು "ತ" ಅಂತ ಹೊಡೆದೆ. ತರೀಕೆರೆ ಮೇಷ್ಟ್ರು ಬಂದರು. ಯಾವಾಗಲೂ ಹಾಗೇ ಬರುತ್ತಿದ್ದರು. ಮೇಷ್ಟ್ರನ್ನು ನಾನೇ ಬರೆದಿಟ್ಟುಕೊಂಡಿದ್ದೇನೆ ಅಂತಲೇ ಅಂದುಕೊಂಡಿದ್ದೆ. 63ರಲ್ಲಿ ಹುಡುಕಿದರೆ ಇಲ್ಲ. ಗ್ಯಾಸಿನ ಏಜೆನ್ಸಿಯವರಿದ್ದಾರೆ, ಮೇಷ್ಟ್ರಿಲ್ಲ.

ಅವರ ಕಡೇ ಕಾಗದ 2019ರ ಸೆಪ್ಟೆಂಬರಿನದು. ತೆರೆದರೆ ಪೂರ್ತಿ ಇಂಗ್ಲಿಷ್ ಅಕ್ಷರದ ಚಿತ್ರಾನ್ನ.

"ಇದು ಕರಪ್ಟ್ ಆಗಿದೆ. ಡಿಲೀಟ್ ಮಾಡ್ಲಾ?"

ನಾನು ಕೂಗಿದ್ದಕ್ಕೆ ಇವಳು ಅಡುಗೆಮನೆಯಿಂದ ಓಡಿ ಬಂದಳು.

ಕರಪ್ಟೂ ಅಲ್ಲ, ಗಿರಪ್ಟೂ ಅಲ್ಲ. ಅದು ನುಡಿ ಅನ್ನೋ ಕನ್ನಡ ತಂತ್ರಾಂಶದ ಹಳೇ ಅಕ್ಷರ. ಕರಡು ತಿದ್ದೋ ಕೆಲಸ ಮಾಡಿದವರಿಗೆ ಆ ಮುಖ ಚೆನ್ನಾಗಿ ಪರಿಚಯ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡೋ ಯೂನಿಕೋಡಿಗೆ ಮುಂಚೆ ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇಟ್ಟಿದ್ದರು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಬರೀ ಮನೆ ಕಾಣುತ್ತೆ. ಅವನಿಗೆ ತೋರಿಸಿದೆ. ದೊಡ್ಡ ಪಿ, ತಲೆ ಮೇಲೆ ಓರೆಗೆರೆ ಇರೋ ಎ, ಇದು "ಕ". ಪೌಂಡಿನ ಗುರುತು, ಮತ್ತೆ ಅದೇ ಎ, ಪಕ್ಕದಲ್ಲಿ ಜರ್ಮನ್ನರ ಒಂದು ಎಸ್ಸು, ಇದು "ನ್ನ". ಸಣ್ಣ ಕ್ಯೂ, ಮತ್ತೆ ಎ, ಇದು "ಡ". ಒಟ್ಟು "ಕನ್ನಡ". ಹುಡುಗ ನನ್ನನ್ನೇ ಒಂದು ಕ್ಷಣ ನೋಡಿ, "ಮಾವ, ನೀವು ಇದನ್ನ ಓದ್ತೀರಾ?" ಅಂದ. ಬಂದ ಮೇಲೆ ಮೊದಲ ಸಲ ಕೊಂಚ ಮರ್ಯಾದೆ ಇತ್ತು ದನಿಯಲ್ಲಿ.

ಪೂರ್ತಿ ಕಾಗದ ಹಾಗೆ ಓದೋದು ಯಾರಿಗೂ ಆಗಲ್ಲ ಬಿಡಿ. ಹಳೇ ಡಿಸ್ಕಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನು ಎತ್ತಿ ಇದರಲ್ಲಿ ಹಾಕಿದ. ಥಂಡರ್‌ಬರ್ಡ್ ಮುಚ್ಚಿ ತೆರೆದ. ಪೌಂಡು ಗಿಂಡೆಲ್ಲ ಹೋಗಿ ಮೇಷ್ಟ್ರು ಬಂದು ಕೂತರು.

ಅವರ ಕರಡಿನಲ್ಲಿ "ಮಳೆ ಹುಯ್ಯುತ್ತಿತ್ತು" ಅಂತ ಇದ್ದದ್ದನ್ನು ನಾನು "ಹೊಯ್ಯುತ್ತಿತ್ತು" ಅಂತ ತಿದ್ದಿ ಕಳಿಸಿದ್ದೆ. ಅದಕ್ಕೆ ಒಂದು ಪುಟ ಜಗಳ. "ನಮ್ಮ ಕಡೆ ಮಳೆ ಹುಯ್ಯುತ್ತದೆ. ಬೆಂಗಳೂರಿನಲ್ಲಿ ಬೇಕಾದರೆ ಹೊಯ್ದುಕೊಳ್ಳಲಿ. ಏನಂತೀರಿ?"

ಏನೂ ಅಂದಿಲ್ಲ ನಾನು. ಸೆಂಟ್ ಫೋಲ್ಡರಿನಲ್ಲಿ ಎರಡು ಸಲ ಹುಡುಕಿದೆ. ಆ ಪುಸ್ತಕ ಅಚ್ಚಿಗೂ ಹೋಗಲಿಲ್ಲ, ಪ್ರಕಾಶಕರು ಆಮೇಲೆ ನೋಡೋಣ ಅಂದರು. ನಾನೂ ಅದೇ ಅಂದುಕೊಂಡಿರಬೇಕು.

ಅಳಿಯ ಎರಡು ಮುದ್ದೆ ಉಂಡು, ಕಡಲೇಕಾಯಿ ಪೊಟ್ಟಣ ಹಿಡಿದುಕೊಂಡು ಹೋದ. ಸೊಪ್ಪಿನ ಸಾರು ಚೆನ್ನಾಗಿತ್ತು ಇವತ್ತು.

ಬೆಳಿಗ್ಗೆ ಫೋನೇ ಮಾಡೋಣ ಅಂದರೆ ನಂಬರಿಲ್ಲ. 2021ರಲ್ಲಿ ಫೋನ್ ಬದಲಾಯಿಸಿದಾಗ ನಂಬರುಗಳನ್ನು ಸಿಎಸ್‌ವಿ ಅನ್ನೋ ಸಾದಾ ಪಟ್ಟಿಯ ಫೈಲು ಮಾಡಿಕೊಂಡು, ನೋಡೋಣ ಅಂತ ಎಕ್ಸೆಲ್ಲಿನಲ್ಲಿ ತೆರೆದು, ಸುಮ್ನೆ ಸೇವ್ ಕೊಟ್ಟಿದ್ದೆ. ಎಕ್ಸೆಲ್ಲಿಗೆ ಅದು ಫೋನ್ ನಂಬರ್ ಅಂತ ಹೇಗೆ ಗೊತ್ತಾಗಬೇಕು? ದೊಡ್ಡ ಸಂಖ್ಯೆ ಅಂತ ಮಡಚಿಟ್ಟಿದೆ. ಮೇಷ್ಟ್ರ ಹೆಸರಿನ ಮುಂದೆ 9.19ಇ+11 ಅಂತಿದೆ. ಅವರ ಹೆಸರಿನ ಮುಂದೆ ಮಾತ್ರ ಅಲ್ಲ, ನಂಬರಿಗೆ ದೇಶದ ಕೋಡು 91 ಸೇರಿಸಿದ್ದ ಎಲ್ಲರದ್ದೂ ಇದೇ ಪಾಡು. ಫೋನ್ ನಂಬರುಗಳಿಗೆಂದೇ ಇರೋ ವಿಕಾರ್ಡ್ ಫೈಲು ಮಾಡಿಕೊಂಡಿದ್ದರೆ ಈ ಗತಿ ಬರುತ್ತಿರಲಿಲ್ಲ.

ಹಾಗಾಗಿ ಮೇಲೇ ಗತಿ. ಯೂನಿಕೋಡಿನಲ್ಲಿ ಬರೆದರೆ ಅವರ ಹಳೇ ಕಂಪ್ಯೂಟರಿನಲ್ಲಿ ಬರೀ ಚೌಕ ಕಾಣುತ್ತೇನೋ. ನುಡಿಯಲ್ಲೇ ಬರೆಯೋಣ ಅಂದರೆ ಹುಡುಗ ಫಾಂಟ್ ಮಾತ್ರ ಹಾಕಿ ಹೋಗಿದ್ದಾನೆ, ಟೈಪ್ ಮಾಡೋ ತಂತ್ರಾಂಶ ಹಾಕಿಲ್ಲ. "ಮೇಷ್ಟ್ರೇ, ಹುಯ್ಯಲಿ ಬಿಡಿ" ಅಂತ ಒಂದು ಸಾಲು ಹೊಡೆದಿಟ್ಟಿದ್ದೇನೆ. ಅದರ ಕೆಳಗೆ ಏನು ಬರೆಯೋದು? ಹೇಗಿದ್ದೀರಿ ಅಂತಲಾ? ಆಗಲೇ ಎಪ್ಪತ್ತೆಂಟು ಅಂದಿದ್ದರು, ಅಂದರೆ ಈಗ

ಇವಳು ಲೈಟ್ ಆರಿಸಿ ಅನ್ನುತ್ತಿದ್ದಾಳೆ.